ಶಾಲೆ ಬಾಗಿಲಲ್ಲಿ ಗನ್ ತಪಾಸಣೆ: ಅಮೆರಿಕದ ಮಸೂದೆಗಳನ್ನು ಹೇಗೆ ಓದಬೇಕು?

2024ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಅಪಲಾಚಿ ಹೈಸ್ಕೂಲಿನಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಸತ್ತರು. ಆರೋಪಿಗೆ 14 ವರ್ಷ. ರೈಫಲನ್ನು ಪೋಸ್ಟರ್ ಹಾಳೆಯಲ್ಲಿ ಸುತ್ತಿ, ಬ್ಯಾಗಲ್ಲಿಟ್ಟು ತಂದಿದ್ದ ಅಂತ ತನಿಖಾಧಿಕಾರಿಗಳು ಹೇಳಿದರು. ಬಾಗಿಲಲ್ಲೇ ಯಾರಾದ್ರೂ ತಡೆದಿದ್ದರೆ? ಶಾಲೆಯ ಪ್ರವೇಶದ್ವಾರದಲ್ಲಿ, ಪಂದ್ಯ-ಸಮಾರಂಭಗಳಲ್ಲಿ ಆಯುಧ ತಪಾಸಣೆ ಕಡ್ಡಾಯವಾಗಬೇಕು ಅನ್ನೋ ಮಸೂದೆಗಳ ಹಿಂದಿರೋದು ಈ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಅಷ್ಟು ಸಲೀಸಲ್ಲ.

ಕಾನೂನು ಅಡ್ಡ ಬರುತ್ತಾ?

ಹೆಚ್ಚೇನೂ ಇಲ್ಲ. ಶಾಲೆಯವರು ವಿದ್ಯಾರ್ಥಿಯನ್ನು ಶೋಧಿಸೋಕೆ ವಾರಂಟ್ ಬೇಡ, ಸಕಾರಣವಾದ ಅನುಮಾನ ಇದ್ದರೆ ಸಾಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಎಲ್ಲರನ್ನೂ ಒಂದೇ ರೀತಿ ಮೆಟಲ್ ಡಿಟೆಕ್ಟರ್ ಮೂಲಕ ಕಳಿಸೋದನ್ನೂ ಹಲವು ರಾಜ್ಯಗಳ ಕೋರ್ಟುಗಳು ಒಪ್ಪಿವೆ.

ಯಂತ್ರವನ್ನು ಎಷ್ಟು ನಂಬಬಹುದು?

ನ್ಯೂಯಾರ್ಕ್ ರಾಜ್ಯದ ಯೂಟಿಕಾ ನಗರದ ಶಾಲೆಗಳು 40 ಲಕ್ಷ ಡಾಲರ್ ಹತ್ತಿರ ಸುರಿದು ಇವಾಲ್ವ್ ಕಂಪನಿಯ ಎಐ ಸ್ಕ್ಯಾನರ್ ಹಾಕಿಸಿಕೊಂಡವು. 2022ರ ಅಕ್ಟೋಬರಿನಲ್ಲಿ ಏಳು ಇಂಚಿನ ಚಾಕು ಅದರ ಕಣ್ಣು ತಪ್ಪಿಸಿ ಒಳಗೆ ಹೋಯ್ತು, ಒಬ್ಬ ವಿದ್ಯಾರ್ಥಿಗೆ ಇರಿತವಾಯ್ತು. ಸ್ಕ್ಯಾನರ್ ಬಗ್ಗೆ ಕಂಪನಿ ಸುಳ್ಳು ಭರವಸೆ ಕೊಟ್ಟಿದೆ ಅಂತ ಫೆಡರಲ್ ಟ್ರೇಡ್ ಕಮಿಷನ್ 2024ರ ನವೆಂಬರಿನಲ್ಲಿ ಆರೋಪಿಸಿತು. ಲ್ಯಾಪ್‌ಟಾಪ್, ನೀರಿನ ಬಾಟಲಿಗೂ ಅಲಾರಾಂ ಹೊಡೆಯುತ್ತಿತ್ತಂತೆ. ರಾಜಿ ಒಪ್ಪಂದದಲ್ಲಿ ಕೆಲವು ಶಾಲೆಗಳಿಗೆ ಗುತ್ತಿಗೆ ರದ್ದು ಮಾಡಿಕೊಳ್ಳೋ ಅವಕಾಶ ಸಿಕ್ಕಿತು.

ಯಂತ್ರ ಸರಿಯಾಗಿದ್ದರೂ ಸಾಕಾಗದೆ ಹೋಗಬಹುದು. 2005ರಲ್ಲಿ ಮಿನೆಸೋಟದ ರೆಡ್ ಲೇಕ್ ಶಾಲೆಯಲ್ಲಿ ಮೆಟಲ್ ಡಿಟೆಕ್ಟರ್ ಇತ್ತು, ಕಾವಲುಗಾರನೂ ಇದ್ದ. ಆದರೆ ಅವನ ಕೈಯಲ್ಲಿ ಆಯುಧ ಇರಲಿಲ್ಲ. ದಾಳಿಕೋರ ಬಾಗಿಲಲ್ಲೇ ಅವನನ್ನು ಕೊಂದು ಒಳಗೆ ನುಗ್ಗಿದ. ಕದ್ದು ತರುವವನನ್ನು ಡಿಟೆಕ್ಟರ್ ಹಿಡಿಯಬಹುದು, ಗುಂಡು ಹಾರಿಸುತ್ತಲೇ ಬರುವವನನ್ನು ಹಿಡಿಯಲ್ಲ.

ಗನ್ ಬರೋದು ಎಲ್ಲಿಂದ?

ಮಸೂದೆಯ ಚರ್ಚೆಯಲ್ಲಿ ಹಿಂದೆ ಸರಿಯೋ ಪ್ರಶ್ನೆ ಇದು. 2008ರಿಂದ 2017ರವರೆಗಿನ 41 ಶಾಲಾ ದಾಳಿಗಳನ್ನು ಸೀಕ್ರೆಟ್ ಸರ್ವಿಸ್ ಅಧ್ಯಯನ ಮಾಡಿ 2019ರಲ್ಲಿ ವರದಿ ಕೊಟ್ಟಿತು. ಗನ್ ಬಳಸಿದವರಲ್ಲಿ ಮುಕ್ಕಾಲು ಪಾಲು ಹುಡುಗರಿಗೆ ಅದು ಸಿಕ್ಕಿದ್ದು ಅಪ್ಪ-ಅಮ್ಮ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ಅಪಲಾಚಿಯ ರೈಫಲ್ ಕೂಡ ಅಪ್ಪ ಕೊಟ್ಟ ಕ್ರಿಸ್ಮಸ್ ಉಡುಗೊರೆ ಅಂತ ತನಿಖಾಧಿಕಾರಿಗಳು ಹೇಳಿದ್ದಾರೆ.

ಹಾಗಾದ್ರೆ ಏನು ಮಾಡಬೇಕು?

ತಪಾಸಣೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಇಂಥ ಮಸೂದೆ ಕಣ್ಣಿಗೆ ಬಿದ್ದಾಗ ಮೂರು ವಿಷಯ ಹುಡುಕಿ. ಯಂತ್ರದ ಜೊತೆ ತರಬೇತಾದ ಸಿಬ್ಬಂದಿಗೂ ಪ್ರತಿವರ್ಷ ದುಡ್ಡು ಇಟ್ಟಿದ್ದಾರಾ? ಕಂಪನಿಯ ಮಾತು ನಿಜವಾ ಅಂತ ಹೊರಗಿನವರು ಪರೀಕ್ಷೆ ಮಾಡ್ತಾರಾ? ಮನೆಯ ಗನ್ನಿಗೆ ಬೀಗ ಹಾಕಿಸೋ ಕಾನೂನು ಆ ರಾಜ್ಯದಲ್ಲಿ ಇದೆಯಾ? ಮಿಶಿಗನ್‌ನಲ್ಲಿ 2024ರ ಫೆಬ್ರವರಿಯಿಂದ ಅಂಥ ಕಾನೂನು ಜಾರಿಯಲ್ಲಿದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಇದೆಯಲ್ಲ. ಇಲ್ಲಿ ಮೊದಲು ಹಾಕಬೇಕಾದ ಬೀಗ ಮನೆಯ ಕಪಾಟಿನದು. ಅದರ ಬಗ್ಗೆ ಒಂದು ಸಾಲೂ ಇಲ್ಲದ ಮಸೂದೆಗೆ ನಾನು ಅರ್ಧ ಅಂಕ ಮಾತ್ರ ಕೊಡ್ತೀನಿ.