ಹೊಸ ಶಿಕ್ಷಕಿಗೆ ಯಾವ ತಟ್ಟೆ? ನಲಿಕಲಿ ಕೊಠಡಿಯಿಂದ ಮಾರ್ಗದರ್ಶಿಯ ಪಾತ್ರಗಳ ವಿವೇಚನೆ

ಹಲವು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕೂತು ಕಾರ್ಡುಗಳ ನೆರವಿನಿಂದ ಕಲಿಯುವ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು ಮೊದಲಾಯಿತು. ನಲಿಕಲಿ ಕೊಠಡಿಯಲ್ಲಿ ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ. ಗುಂಪಿಗೆ ಶಿಕ್ಷಕರು ‘ತಟ್ಟೆ’ ಎನ್ನುತ್ತಾರೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ, ಮೂರು, ನಾಲ್ಕರಲ್ಲಿ ಸಹಪಾಠಿಯ ನೆರವು, ಐದನೆಯದು ಸ್ವಕಲಿಕೆ. ಮಗುವಿಗೆ ಇಷ್ಟು ಜೋಪಾನವಾಗಿ ಮೆಟ್ಟಿಲು ಕಟ್ಟಿಕೊಟ್ಟ ವ್ಯವಸ್ಥೆ, ಅದೇ ಕೊಠಡಿಗೆ ಬರುವ ಹೊಸ ಶಿಕ್ಷಕಿಯನ್ನು ಮೊದಲ ದಿನವೇ ಐದನೆಯ ತಟ್ಟೆಗೆ ದೂಡುತ್ತದೆ ಎಂಬುದು ಈ ಲೇಖನದ ವಾದ.

ಅವಳು ಮೊದಲ ತಟ್ಟೆಯ ಮಕ್ಕಳ ಜೊತೆ ನೆಲದ ಮೇಲೆ ಕೂತಿದ್ದಾಳೆ. ಕಾರ್ಡ್ ಮುಗಿಸಿದ ಹುಡುಗನೊಬ್ಬ ಪಕ್ಕದಲ್ಲಿ ಬಂದು ನಿಂತಿದ್ದಾನೆ. ಕಲಿಕೆಯ ಹಂತಗಳನ್ನು ಚಿಹ್ನೆಗಳಲ್ಲಿ ತೋರಿಸುವ ಕಲಿಕಾ ಏಣಿಯಲ್ಲಿ ಅವನ ಮುಂದಿನ ಚಿಹ್ನೆ ಯಾವುದೆಂದು ಅವಳಿಗೆ ಥಟ್ಟನೆ ಹೊಳೆಯುವುದಿಲ್ಲ. ಅಷ್ಟರಲ್ಲಿ ನಾಲ್ಕನೆಯ ತಟ್ಟೆಯಲ್ಲಿ ಜಗಳ. ಹೊಸ ಶಿಕ್ಷಕರ ತೊಡಕುಗಳ ಕುರಿತ 83 ಅಧ್ಯಯನಗಳನ್ನು 1984ರಲ್ಲಿ ಪರಿಶೀಲಿಸಿದ ಸೈಮನ್ ವೀನ್‌ಮನ್, ತರಗತಿಯ ಶಿಸ್ತೇ ಮೊದಲ ತೊಡಕೆಂದು ಗುರುತಿಸಿದರು. ನಮ್ಮ ಬಹುವರ್ಗ ಕೊಠಡಿಯಲ್ಲಿ ಶಿಸ್ತೆಂದರೆ ಮಕ್ಕಳನ್ನು ಸುಮ್ಮನಿರಿಸುವುದಲ್ಲ, ಉಳಿದ ನಾಲ್ಕು ತಟ್ಟೆಗಳಿಗೆ ಕೈತುಂಬ ಕೆಲಸ ಕೊಡುವುದು. ಆ ಗಳಿಗೆಯಲ್ಲಿ ಬೇಕಾದದ್ದು ಉಪದೇಶವಲ್ಲ. ಹತ್ತು ನಿಮಿಷ ಜೊತೆಗೆ ನೆಲಕ್ಕೆ ಕೂರುವವರು. ಮಾರ್ಗದರ್ಶಿಯ ಮೊದಲ ಪಾತ್ರ ಇದು. ಮಧ್ಯಾಹ್ನ ಬಿಸಿಯೂಟದ ಲೆಕ್ಕ ಬರೆಯುವುದನ್ನು, ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರ ಜೊತೆ ಮಾತಾಡುವ ಬಗೆಯನ್ನು ತೋರಿಸಿಕೊಡುವುದು ಇನ್ನೊಂದು. ‘ನನ್ನ ಕೈಲಿ ಆಗ್ತಿಲ್ಲ’ ಎಂಬ ಮಾತನ್ನು ಕೇಳಿಸಿಕೊಂಡು ಅಲ್ಲಿಗೇ ಬಿಡುವುದು ಮೂರನೆಯದು. ಎಲ್ಲಕ್ಕಿಂತ ಕಷ್ಟದ್ದೂ ಅದೇ.

ಏಕೆಂದರೆ ವರದಿ ಬರೆಯುವವರ ಮುಂದೆ ಯಾರೂ ಹಾಗೆನ್ನುವುದಿಲ್ಲ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಹುದ್ದೆ ಹುಟ್ಟಿದ್ದು ಶೈಕ್ಷಣಿಕ ಬೆಂಬಲಕ್ಕಾಗಿ. ಆದರೆ ಅಂಕಿಅಂಶ ಕೇಳುವ ಸಿಆರ್‌ಪಿ ಶಾಲೆಯ ಬಾಗಿಲಿಗೆ ಬಂದರೆ ಮೊದಲು ಹೊರಬರುವುದು ಕಡತ. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎರಡು ವರ್ಷಗಳ ಆರಂಭಿಕ ವ್ಯವಸ್ಥೆ, ನೆರವಾಗುವ ಮೆಂಟರ್ ಮತ್ತು ಮೌಲ್ಯಮಾಪನ ಮಾಡುವ ಟ್ಯೂಟರ್ ಬೇರೆಬೇರೆಯವರಾಗಿರಬೇಕೆಂದು ಬಯಸುತ್ತದೆ. ನಮ್ಮಲ್ಲಿ ರಾಷ್ಟ್ರೀಯ ಮಾರ್ಗದರ್ಶನ ಅಭಿಯಾನ 2022ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು 30 ಕೇಂದ್ರೀಯ ಶಾಲೆಗಳಲ್ಲಿ. ಸಿಬ್ಬಂದಿ ಹೆಚ್ಚಿರುವ ಕಡೆ ನೆರವಾಗುವವರನ್ನೂ ಮೌಲ್ಯಮಾಪನ ಮಾಡುವವರನ್ನೂ ವಿಂಗಡಿಸುವುದು ಸುಲಭ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಹಿರಿಯರೇ ಪ್ರಭಾರಿ ಮುಖ್ಯ ಶಿಕ್ಷಕರು!

ಹಾಗಾಗಿ ಹೊಸ ಶಿಕ್ಷಕಿಗೆ ಸಹಪಾಠಿಯ ನೆರವು ಸಿಗುವ ಮೂರನೆಯ ತಟ್ಟೆಯನ್ನು ಶಾಲೆಯ ಹೊರಗೆ, ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹುಡುಕಬೇಕು. ಸಭೆಯ ಕಾರ್ಯಸೂಚಿಯಲ್ಲೂ ಅಲ್ಲ, ಸಭೆ ಮುಗಿದು ಬಸ್ಸಿಗೆ ಕಾಯುವಾಗ, ಪಕ್ಕದೂರಿನ ಶಿಕ್ಷಕಿಯನ್ನು ಅವಳು ಕೇಳುತ್ತಾಳೆ: “ಮೇಡಂ, ಕಾರ್ಡ್ ಬೇಗ ಮುಗಿಸಿಬಿಡೋ ಮಕ್ಕಳಿಗೆ ನೀವೇನ್ ಕೊಡ್ತೀರಿ?”