ಕ್ಲಚ್ಚಿಗೆ ಮುಲ್ತಾನಿ ಮಿಟ್ಟಿ

ಮುಖಕ್ಕ ಹಚ್ಕೊಳ್ಳೋ ಮುಲ್ತಾನಿ ಮಿಟ್ಟಿ, ಹೊಟ್ಟಿ ಕಟ್ಟಿದಾಗ ಕುಡಿಯೋ ಔಡಲೆಣ್ಣಿ. ಇವೆರಡೂ ನೂರು ವರ್ಷಕ್ಕೂ ಹಿಂದ ಇಂಗ್ಲಂಡಿನಾಗ ಕಾರ್ ಇಟ್ಟವರ ಹತ್ರ ಇರ್ತಿದ್ವು. ಮಂದಿಗಲ್ಲ ಮತ್ತ, ಕಾರಿನ ಕ್ಲಚ್ಚಿಗೆ!

ಈ ಕಥಿ ಯಾಕ ತಗದೆ ಅಂದ್ರ, ಒಂದು ಚಳಿಗಾಲ ಪೂರ್ತಿ ನಾ ನನ್ನ ಕಾಲನ್ನೇ ಬೈಕೊಂಡೆ. ಇಲ್ಲಿಗೆ ಬಂದ ಮ್ಯಾಲೆ ನಮ್ಮನಿಯವರು ಹುರುಪಿನಿಂದ 1972ರ ಎಂಜಿಬಿ ಅನ್ನೋ ಹಳೇ ಸ್ಪೋರ್ಟ್ಸ್ ಕಾರ್ ಕೊಂಡ್ರು. ಅದರ ಕ್ಲಚ್ ಪೆಡಲ್ ನೆಲಕ್ಕ ಹತ್ತೂತನಕ ಒತ್ತಿದ್ರೂ ರಿವರ್ಸ್ ಗೇರ್ ಕರ್ರ್ ಅಂತಿತ್ತು. ಕಾಲು ಕೂದಲೆಳೆಯಷ್ಟು ಎತ್ತೂದ್ರಾಗ ಗಾಡಿ ಜಿಗೀತಿತ್ತು. "ಸೀಟು ಮುಂದ ಎಳ್ಕೊ, ನಿನ್ನ ಕಾಲು ಗಿಡ್ಡ" ಅಂದ್ರು ಅವರು. ನಾನೂ ಹೌದಿರಬೇಕು ಅಂದ್ಕೊಂಡೆ.

ಕ್ಲಚ್ ಅಂದ್ರ ಏನು? ಎಂಜಿನ್ ಒಂದೇ ಸವನ ತಿರಗತಿರ್ತದ, ಗಾಲಿ ಮಾತ್ರ ಆಗಾಗ ನಿಲ್ಲಬೇಕು. ಇವೆರಡನ್ನ ಕೂಡಿಸಿ ಬಿಡಿಸೋದು ಅದರ ಕೆಲಸ. 1886ರಾಗ ಜರ್ಮನಿಯ ಕಾರ್ಲ್ ಬೆಂಝ್ ಪೇಟೆಂಟ್ ತಗೊಂಡ ಮೂರು ಗಾಲಿಯ ಕಾರಿಗೆ ಕ್ಲಚ್ ಪೆಡಲ್ಲೇ ಇರಲಿಲ್ಲ. ನಮ್ಮ ಹಿಟ್ಟಿನ ಗಿರಣ್ಯಾಗ ಪಟ್ಟಾ ಸರಸ್ತಾರಲ್ಲ, ಸುಮ್ಮನ ತಿರುಗೋ ಗಾಲಿಯಿಂದ ಕೆಲಸದ ಗಾಲಿಗೆ, ಹಂಗ ಕೈಯಿಂದ ಪಟ್ಟಾ ಸರಿಸೋದಿತ್ತು.

ಆ ಕಾರಿನ ಹಿಂದ ಹೆಂಡತಿ ಬರ್ಥಾ ತವರಿಂದ ತಂದ ರೊಕ್ಕನೂ ಇತ್ತು. 1888ರ ಆಗಸ್ಟಿನಾಗ ಆಕಿ ಗಂಡಗ ಹೇಳದ, ಇಬ್ಬರು ಗಂಡು ಮಕ್ಕಳನ್ನ ಕರಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನಿಗೆ ಹೊಂಟುಬಿಟ್ಟಳು. ಹೋಗೂದು ನೂರಕ್ಕೂ ಹೆಚ್ಚು ಕಿಲೋಮೀಟರ್. ಎಣ್ಣಿ ನಳಿಗಿ ಕಟ್ಟಿದಾಗ ಟೊಪ್ಪಿಗಿ ಪಿನ್ನಿನಿಂದ ಬಿಡಿಸಿದಳು. ಇಳಿಜಾರಿನಾಗ ಬ್ರೇಕಿನ ಕಟ್ಟಗಿ ಸವದಾಗ ಚಮ್ಮಾರನ ಕಡೆ ಹೋಗಿ ಚರ್ಮ ಹೊಡಿಸಿದಳು.

ಮುಂದ ಕ್ಲಚ್ಚಿಗೂ ಚರ್ಮನ ಬಂತು. ಒಂದರಾಗ ಒಂದು ಸೇರಿಸಿಟ್ಟ ಸ್ಟೀಲ್ ಲೋಟ ನೆನಸ್ಕೊಳ್ರಿ, ಜಗ್ಗಿದ್ರ ಬರೂದೇ ಇಲ್ಲ. ಆಗಿನ ಕ್ಲಚ್ಚೂ ಹಂಗ. ಎಂಜಿನ್ನಿನ ದೊಡ್ಡ ಚಕ್ರದಾಗ ಒಂದು ಲೋಟದಂಥಾ ಕುಳಿ, ಅದರಾಗ ಕೂಡೋ ಚರ್ಮ ಸುತ್ತಿದ ಇನ್ನೊಂದು ಲೋಟ. ಸ್ಪ್ರಿಂಗ್ ಎರಡನ್ನೂ ಒತ್ತಿ ಹಿಡೀತಿತ್ತು, ಪೆಡಲ್ ಒತ್ತಿದ್ರ ಬಿಡತಿತ್ತು. ಚರ್ಮ ಒಣಗಿತೋ, ಗಾಡಿ ಜಿಗಿಯೋದು, ಅದಕ್ಕ ಔಡಲೆಣ್ಣಿ. ಎಣ್ಣಿ ಹೆಚ್ಚಾತೋ, ಜಾರೋದು. ಅದಕ್ಕ ಫುಲ್ಲರ್ಸ್ ಅರ್ಥ್, ಅಂದ್ರ ನಮ್ಮ ಮುಲ್ತಾನಿ ಮಿಟ್ಟಿ ಜಾತಿಯ ಮಣ್ಣು. ಚಕ್ಕುಲಿ ಹಿಟ್ಟಿನ ಹದ ಇದ್ದಂಗ, ಎರಡೂ ಅಳತಿ ಮೀರಬಾರದು.

ಆ ಕಾಲಕ್ಕ ಇಂಗ್ಲಂಡಿನಾಗ ಡೊರೊತಿ ಲೆವಿಟ್ ಅಂತ ಇದ್ದಳು. 1906ರಾಗ ಬ್ಲ್ಯಾಕ್‌ಪೂಲಿನಾಗ ನೇಪಿಯರ್ ಕಾರನ್ನ ತಾಸಿಗೆ 90 ಮೈಲಿಗೂ ಮ್ಯಾಲೆ ಓಡಿಸಿ ಹೆಂಗಸರ ದಾಖಲೆ ಮಾಡಿದಾಕಿ. 1909ರಾಗ 'ದಿ ವುಮನ್ ಅಂಡ್ ದಿ ಕಾರ್' ಅನ್ನೋ ಪುಸ್ತಕ ಬರದು, ಹೆಣ್ಮಕ್ಕಳು ತಮ್ಮ ಕಾರ್ ತಾವೇ ನಡಿಸಿ, ತಾವೇ ನೋಡ್ಕೊಳ್ಳೋದು ಹೆಂಗ ಅಂತ ಕಲಿಸಿದಳು. ಹಿಂದ ಬರೋ ಗಾಡಿ ನೋಡ್ಲಿಕ್ಕೆ ಕೈಗನ್ನಡಿ ಇಟ್ಕೊಳ್ರಿ ಅಂದಾಕಿನೂ ಈಕಿನ.

ಚರ್ಮದ ಕಾಲ ಮುಗಿಸಿದವರಾಗ ಹರ್ಬರ್ಟ್ ಫ್ರೂಡ್ ಒಬ್ಬಾತ. ಡರ್ಬಿಶೈರಿನ ಗುಡ್ಡದಾಗ ಗಾಡಿ ಹೊಡಿಯೋರು ಬ್ರೇಕಿಗೆ ಹಳೇ ಬೂಟು ಬಡಿಯೋದು ನೋಡಿ, 1897ರಾಗ ತಾಳಿಕಿ ಇರೋ ಬ್ರೇಕ್ ಬ್ಲಾಕ್ ಮಾಡ್ಲಿಕ್ಕೆ ಸುರು ಮಾಡಿದ. ತನ್ನ ಹೆಸರಿನ ಅಕ್ಷರ ಹಿಂದಮುಂದ ಮಾಡಿ, ಹೆಂಡತಿ ಎಲಿಜಬೆತ್‌ಳ ಒಂದಕ್ಷರ ಸೇರಿಸಿ 'ಫೆರೊಡೊ' ಅಂದ. ಆಮ್ಯಾಲೆ ಬ್ರೇಕಿಗೂ ಕ್ಲಚ್ಚಿಗೂ ಆಸ್ಬೆಸ್ಟಾಸ್ ಬಂತು. ಬೆಂಕಿಗೆ ಹೆದರೂದಿಲ್ಲ, ಆದ್ರ ಅದರ ಧೂಳು ಪುಪ್ಪಸಕ್ಕ ವಿಷ. ಬ್ರಿಟನ್ನಿನಾಗ ಅದು ಪೂರ್ತಿ ನಿಂತದ್ದು 1999ಕ್ಕ. ಅದಕ್ಕ ಹಳೇ ಕ್ಲಚ್ ಬಿಚ್ಚಿದಾಗ ಆ ಧೂಳು ಯಾರೂ ಊದಬ್ಯಾಡ್ರಿ, ಒಣಾ ಕಸಬರಿಗಿನೂ ಹಾಕಬ್ಯಾಡ್ರಿ.

ಲೋಟ ಹೋಗಿ ತಾಟು ಬಂತು. ಎರಡು ಅಂಗೈ ನಡುವ ರೊಟ್ಟಿ ಹಿಡದಂಗ, ಎರಡು ಲೋಹದ ನಡುವ ಒಂದು ತೆಳ್ಳನ ತಟ್ಟಿ. ಪೆಡಲ್ಲಿನ ಮಾತು ಅಲ್ಲೀತನಕ ಮುಟ್ಟಿಸ್ಲಿಕ್ಕೆ ಮೊದಲು ಸರಳು, ತಂತಿ ಇದ್ವು. ಹಿಂದಿನಿಂದ ಎಣ್ಣಿ ತುಂಬಿದ ನಳಿಗಿ ಬಂತು. ಆಬಿಂಗ್ಡನ್ನಿನಾಗ 1962ರಿಂದ 1980ರ ತನಕ 5 ಲಕ್ಷಕ್ಕೂ ಹೆಚ್ಚು ತಯಾರಾದ ಎಂಜಿಬಿ ಈ ಎಣ್ಣಿ ಜಾತಿದು. ತಟ್ಟಿ ಸವದಂಗ ತಾನೇ ಹೊಂದ್ಕೊಳ್ತದ, ಅದಕ್ಕ ತಿರುವಿ ಕೂಡಸೋ ನಟ್ಟು ಅದರಾಗ ಇಟ್ಟಿಲ್ಲ.

ಇಲ್ಲೇ ನನ್ನ ತಲಿ ಓಡ್ತು. ತಾನೇ ಹೊಂದ್ಕೊಳ್ಳೂದಾದ್ರ ನಮ್ಮ ಪೆಡಲ್ ಯಾಕ ನೆಲಕ್ಕ ಹೋಗ್ತದ? ನಡುವ ಎಲ್ಲೋ ಒತ್ತಿದ್ದು ಪೋಲಾಗ್ತಿರಬೇಕು. ಎಣ್ಣಿ ಸೋರಿರಲಿಲ್ಲ. ನಳಿಗ್ಯಾಗಿನ ಗಾಳಿ ತಗಸಿದ್ವಿ, ಅಷ್ಟಕ್ಕಷ್ಟ. ಕಡೀಕ ಬಾನೆಟ್ ಎತ್ತಿ, ಪೆಡಲ್ಲಿನ ಮ್ಯಾಲಿನ ತುದಿ ಎಣ್ಣಿ ಸಿಲಿಂಡರಿನ ಸರಳಿಗೆ ಕೂಡೋ ಜಾಗ ನೋಡಿದ್ವಿ. ಅಲ್ಲೊಂದು ಕಿರುಬೆರಳಿಗಿಂತ ಸಣ್ಣ ಪಿನ್. ಹೊರಗ ತಗದ್ರ ಬಾವಿ ಗಡಗಡಿ ಹಗ್ಗ ತಿಂದ ಕಲ್ಲಿನಂಗ ಗಾಡಿ ಬಿದ್ದಿತ್ತು. ಪಿನ್ ಸವದಷ್ಟೂ ಕಾಲಿನ ಒತ್ತು ಅಲ್ಲೇ ಮುಗೀತಿತ್ತು. ಗೇರ್‌ಬಾಕ್ಸಿನ ಕಡೆ ಇನ್ನೊಂದು ಅಂಥಾದ್ದ ಪಿನ್, ಅದೂ ಸವದಿತ್ತು. ಎರಡೂ ಹೊಸಾ ಹಾಕಿದ್ವಿ. ಒಂದು ಹೊತ್ತಿನ ಊಟದಷ್ಟೂ ಖರ್ಚಾಗಲಿಲ್ಲ. ಪೆಡಲ್ ನಡುದಾರ್ಯಾಗ ಕೆಲಸ ಮಾಡ್ಲಿಕ್ಕೆ ಹತ್ತು, ರಿವರ್ಸ್ ಸುಮ್ಮನ ಬಿತ್ತು.

ಕೆಲವರು ಪಿನ್ ಬಿಟ್ಟು ಸರಳನ್ನೇ ಉದ್ದ ಮಾಡಸ್ತಾರ. 1989ರಾಗ ಬಂದ ಮಾಜ್ದಾ ಎಂಎಕ್ಸ್-5ರಂಥಾ ಕಾರಿನಾಗ ಅದಕ್ಕಂತನ ನಟ್ಟು ಅದ; ಸಡಿಲ ಮಾಡಿ ಸರಳು ತಿರುವಿ, ಮತ್ತ ಬಿಗಿ ಮಾಡಿದ್ರಾತು. ಆದ್ರ ಒತ್ತೋ ಮೊದಲು ಪೆಡಲ್ಲಿಗೆ ಒಂದೀಟು ಖಾಲಿ ಆಟ ಇರಲೇಬೇಕು. ಅದನ್ನೂ ತಿಂದುಬಿಟ್ರ, ಬಿಸಿಯಾದ ಎಣ್ಣಿಗೆ ತಿರುಗಿ ಹೋಗ್ಲಿಕ್ಕೆ ದಾರಿ ಮುಚ್ಚಿ, ಕ್ಲಚ್ ಅರ್ಧ ಬಿಟ್ಟಂಗ ಜಾರಿ ಸುಡ್ತದ.

ಆ ಹಳೇ ಪಿನ್ ನನ್ನ ಸೂಜಿ ಡಬ್ಬ್ಯಾಗ ಇಟ್ಟೀನಿ. ವೈನಿ, ನಿಮ್ಮ ಗಾಡಿ ಜಿಗದ್ರ ನಿಮ್ಮ ಕಾಲನ್ನ ಬೈಕೊಳ್ಳೂಕಿಂತ ಮೊದಲ ಬಾನೆಟ್ ಎತ್ತಸ್ರಿ. ನಮ್ಮನಿಯವರು ಈಗ ಕಾಲಿನ ಉದ್ದದ ಮಾತು ತಗಿಯೂದಿಲ್ಲ. ತಗದ್ರ ಡಬ್ಬಿ ಅಲ್ಲೇ ಅದ.