ತಂಬೂರಿ: ನಾಲ್ಕು ತಂತಿಯದೋ, ಐದು ತಂತಿಯದೋ?

ವಿಜಯದಾಸರ ಶಿಷ್ಯರೂ ಜಗನ್ನಾಥದಾಸರ ಗುರುಗಳೂ ಆದ ಗೋಪಾಲದಾಸರು ನೆಲೆಸಿದ್ದ ಉತ್ತನೂರು ನಮ್ಮ ಐಜ ಮಂಡಲದಲ್ಲಿಯೇ ಇದೆ. 1956ರಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ದಾಸರ ಪದಗಳು ಮಾತ್ರ ಕನ್ನಡದಲ್ಲಿಯೇ ಉಳಿದವು. ಶಾಲೆಯ ಹೊರಗೆ ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿಯುವ ಎಡೆಗಳಲ್ಲಿ ಈ ಹಾಡಿಕೆಯೂ ಒಂದು. ಮಕ್ಕಳಿಗಾಗಿ ತಂಬೂರಿ ಕೊಳ್ಳಬಯಸುವ ಪಾಲಕರಿಗೆ ಉಪಯುಕ್ತವಾಗಲೆಂದು ಈ ವಿವರಗಳನ್ನು ನೀಡುತ್ತಿದ್ದೇವೆ.

ನಾಲ್ಕು ತಂತಿಯ ತಂಬೂರಿ: ಇದರ ಮೊದಲ ತಂತಿ ಮಂದ್ರ ಪಂಚಮ, ನಡುವಿನ ಎರಡು ಮಧ್ಯ ಷಡ್ಜ, ಕೊನೆಯದು ಮಂದ್ರ ಷಡ್ಜ. ಪಂಚಮವಿಲ್ಲದ ಹಿಂದೋಳದಂತಹ ರಾಗಕ್ಕೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುವುದು ವಾಡಿಕೆ. ದಾಸರ ಪದಗಳಿಗೂ ಕರ್ನಾಟಕ ಸಂಗೀತದ ಪಾಠಕ್ಕೂ ಇಷ್ಟು ಸಾಕು.

ಐದು ತಂತಿಯ ತಂಬೂರಿ: ಇದು ಹೆಚ್ಚಾಗಿ ಹಿಂದುಸ್ತಾನಿ ಗಾಯಕರ ಬಳಕೆಯದು. ಪಂಚಮದೊಡನೆ ನಿಷಾದವನ್ನೋ ರಾಗಕ್ಕೆ ಒಪ್ಪುವ ಬೇರೊಂದು ಸ್ವರವನ್ನೋ ಸೇರಿಸಲು ಇದರಲ್ಲಿ ಎಡೆಯಿದೆ. ಬೇಸ್ ಗಿಟಾರಿನಲ್ಲಿ ಐದನೆಯ ತಂತಿಯು ಸಾಮಾನ್ಯವಾಗಿ ಇನ್ನೂ ಕೆಳಗಿನ ಸ್ವರಗಳನ್ನು ಕೊಡುತ್ತದೆ. ತಂಬೂರಿಯಲ್ಲಿ ಅದು ಆಳವನ್ನು ಹೆಚ್ಚಿಸುವುದಕ್ಕಿಂತ ನಾದದ ಬಣ್ಣವನ್ನು ಬದಲಿಸುತ್ತದೆ. ಆದರೆ ತಂತಿ ಹೆಚ್ಚಿದಂತೆ ಶ್ರುತಿ ಮಾಡುವ ಶ್ರಮವೂ ಹೆಚ್ಚುತ್ತದೆ. ಬಿರಡೆ, ಮಣಿ, ಕುದುರೆಯ ಮೇಲಿನ ಜೀವದ ನೂಲು ಇವೆಲ್ಲವನ್ನೂ ಇನ್ನೊಂದು ತಂತಿಗೆ ಹೊಂದಿಸಬೇಕು. ಒಂದು ತಂತಿ ತಪ್ಪಿದರೂ ಮಗುವಿನ ಕಿವಿ ತಪ್ಪು ಸ್ವರಕ್ಕೆ ಒಗ್ಗಿಕೊಳ್ಳುತ್ತದೆ.

ಮಗುವಿನ ಶ್ರುತಿ: ತಂತಿಗಳ ಸಂಖ್ಯೆಗಿಂತ ಇದು ಮುಖ್ಯ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಐದು, ಐದೂವರೆ ಶ್ರುತಿಯಲ್ಲಿ ಹಾಡುತ್ತಾರೆ. ಗಂಡುಮಕ್ಕಳ ಧ್ವನಿ ಹರೆಯದಲ್ಲಿ ಒಡೆದು, ಒಂದು ಅಥವಾ ಎರಡರ ಆಸುಪಾಸಿಗೆ ಇಳಿಯುತ್ತದೆ. ಎತ್ತರದ ಶ್ರುತಿಗೆಂದು ಮಾಡಿದ ಚಿಕ್ಕ ತಂಬೂರಿ ಆಗ ಹೊಂದುವುದಿಲ್ಲ. ತಂತಿ ಸಡಿಲವಾಗಿ ನಾದ ಕುಗ್ಗುತ್ತದೆ. ಆದುದರಿಂದ ಹುಡುಗರಿಗೆ ಧ್ವನಿ ನೆಲೆಗೊಂಡ ಬಳಿಕವೇ ಕೊಳ್ಳುವುದು ಲೇಸು.

ನಮ್ಮ ಸಲಹೆ: ಮೊದಲ ಒಂದೆರಡು ವರ್ಷಗಳಿಗೆ ಶ್ರುತಿಪೆಟ್ಟಿಗೆ ಅಥವಾ ಮೊಬೈಲಿನ ತಂಬೂರಿ ಆ್ಯಪ್ ಸಾಕು. ಅನಂತರ ನಾಲ್ಕು ತಂತಿಯದನ್ನು ಕೊಳ್ಳಿರಿ. ಹಿಂದುಸ್ತಾನಿ ಗುರುಗಳು ಕೇಳಿದಲ್ಲಿ ಮಾತ್ರ ಐದು ತಂತಿಯದನ್ನು ಯೋಚಿಸಿರಿ. ಕೊಳ್ಳುವಾಗ ಬುರುಡೆಯಲ್ಲಿ ಬಿರುಕಿದೆಯೇ, ಬಿರಡೆ ಜಾರುತ್ತದೆಯೇ ಎಂದು ನೋಡಿರಿ. ಹಾಡಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ತಂಬೂರಿ ಇಲ್ಲವೆಂದು ಹಾಡಿಕೆ ನಿಲ್ಲಬೇಕಾಗಿಲ್ಲ. ಮನೆಯ ಹಿರಿಯರಿಗೆ ಬರುವ ಒಂದು ಪದವನ್ನು ಮಗು ಈ ವಾರವೇ ಕಲಿಯಲಿ. ವಾದ್ಯ ಆಮೇಲೆ ಬರಲಿ.